ಎಫ್‌ಟಿಪಿಎಸ್ ಲಾಗಿನ್ ಆಗುತ್ತೆ, ಫೈಲ್ ಪಟ್ಟಿ ಬರಲ್ಲ. ಫೈರ್‌ವಾಲ್‌ನಲ್ಲಿ ಇನ್ನೂ ಯಾವ ಪೋರ್ಟ್ ಓಪನ್ ಮಾಡಬೇಕು?

ಯಾವುದನ್ನೂ ತೆಗೀಬೇಡಿ. ಪೋರ್ಟ್ ಅಂದರೆ ಮಷೀನಿಗೆ ಇರೋ ನಂಬರಿನ ಬಾಗಿಲು, ಫೈರ್‌ವಾಲ್ ಅದರ ಕಾವಲುಗಾರ. 21, 990 ತೆಗೆದಿದ್ದೀರಿ, ಪಟ್ಟಿ ಬರೋ ಹೊತ್ತಿಗೆ ಟೈಮ್‌ಔಟ್, ಅಲ್ವಾ? ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನನ್ನ ತಲೆ ಮೇಲಿದ್ದಾಗ ನನಗೂ ಇದೇ ಆಗಿತ್ತು. ಭತ್ತ ಖರೀದಿ ಬಿಲ್ಲು, ಲಾರಿ ತೂಕದ ಲೆಕ್ಕ ಎಲ್ಲ ಒಂದೇ ವಿಂಡೋಸ್ ಮಷೀನಿನಲ್ಲಿ. ರಾತ್ರಿ ಬಳ್ಳಾರಿ ಆಫೀಸಿನವರು ಅದರಿಂದ ಬ್ಯಾಕಪ್ ಎಳ್ಕೊಳ್ತಿದ್ದರು. ಫೈಲ್ ಕಳಿಸೋಕೆ ಇರೋ ಸಾದಾ ಎಫ್‌ಟಿಪಿ ಚೆನ್ನಾಗೇ ನಡೀತಿತ್ತು. ಪಾಸ್‌ವರ್ಡ್ ಬಯಲಲ್ಲೇ ಹೋಗುತ್ತೆ ಅಂತ ಆಡಿಟರ್ ತಕರಾರು ತೆಗೆದರು. ಮಾತನ್ನು ಗುಟ್ಟಾಗಿ ಬರೆದು ಕಳಿಸೋ ಟಿಎಲ್‌ಎಸ್ ಹಾಕಿದೆ, ಅಂದರೆ ಅದೇ ಎಫ್‌ಟಿಪಿಎಸ್. ಪಟ್ಟಿ ನಿಂತೇ ಹೋಯಿತು.

ಎಫ್‌ಟಿಪಿಗೆ ಎರಡು ಕನೆಕ್ಷನ್ ಬೇಕು. 21ರಲ್ಲಿ ಬರೀ ಮಾತುಕತೆ. ಫೈಲು, ಪಟ್ಟಿ ಬರೋದು ಇನ್ನೊಂದು ಪೋರ್ಟಿನಲ್ಲಿ. ಪ್ಯಾಸಿವ್ ಮೋಡ್‌ನಲ್ಲಿ ಆ ನಂಬರನ್ನು ಸರ್ವರ್ ಪ್ರತಿ ಸಲ ಹೊಸದಾಗಿ ಹೇಳುತ್ತೆ. ಮೊದಲು ರೂಟರ್ ಅದನ್ನು ಕದ್ದು ಕೇಳಿಸಿಕೊಂಡು ಪೋರ್ಟ್ ತಾನೇ ತೆಗೀತಿತ್ತು. ಟಿಎಲ್‌ಎಸ್ ಬಂದ ಮೇಲೆ ಅದಕ್ಕೇನೂ ಕೇಳಿಸಲ್ಲ.

ನಾನು ಮಾಡಿದ್ದೇನು ಗೊತ್ತಾ? 1024ರಿಂದ 65535ರವರೆಗೆ ಅಷ್ಟೂ ಪೋರ್ಟಿಗೆ ಹೊರಗಿನಿಂದ ಬರೋದನ್ನ ರೂಟರ್ ಆ ಮಷೀನಿಗೆ ಕಳಿಸೋ ಹಾಗೆ ಫಾರ್ವರ್ಡ್ ಮಾಡಿದೆ. ಸುಗ್ಗಿ ಟೈಮು, ಸಾವ್ಕಾರ್ರು ಬೆನ್ನ ಹಿಂದೆ ನಿಂತಿದ್ದರು. ಪಟ್ಟಿ ಬಂತು, ಎಲ್ಲರಿಗೂ ಖುಷಿ. ಮುಖ್ಯವಾದ ಪೋರ್ಟೆಲ್ಲ 1024ರ ಕೆಳಗೇ ಇರುತ್ತೆ, ಮೇಲಿನವು ಖಾಲಿ ಅಂತ ನನ್ನ ಲೆಕ್ಕ. ಎಲ್ಲಿ ಖಾಲಿ? ಡೇಟಾಬೇಸ್‌ಗಳಾದ ಎಸ್‌ಕ್ಯೂಎಲ್ ಸರ್ವರ್ 1433, ಮೈಎಸ್‌ಕ್ಯೂಎಲ್ 3306, ರಿಮೋಟ್ ಡೆಸ್ಕ್‌ಟಾಪ್ 3389, ಎಲ್ಲ ಅಲ್ಲೇ ಇವೆ. ನಾನು ಮನೆಯಿಂದ ನೋಡ್ಕೊಳ್ಳೋಕೆ ಅಂತ ರಿಮೋಟ್ ಡೆಸ್ಕ್‌ಟಾಪ್ ಆನ್ ಇಟ್ಟಿದ್ದೆ. ಪಾಸ್‌ವರ್ಡ್ ಮಿಲ್ಲಿನ ಹೆಸರು, ಮುಂದೆ 123. ಫೈರ್‌ವಾಲ್ ಏನೂ ತಪ್ಪು ಮಾಡಲಿಲ್ಲ, ನಾನು ಬಿಡು ಅಂದಿದ್ದನ್ನೇ ಬಿಟ್ಟಿತು. ಒಂದು ಬೆಳಿಗ್ಗೆ ಬಿಲ್ಲಿನ ಫೈಲು ಒಂದೂ ತೆರೆಯಲಿಲ್ಲ, ಡೆಸ್ಕ್‌ಟಾಪ್ ಮೇಲೆ ದುಡ್ಡು ಕೇಳುವ ಚೀಟಿ. ಬಳ್ಳಾರಿಯ ಸ್ಕ್ರಿಪ್ಟು ಆ ಹಾಳಾದ ಫೈಲುಗಳನ್ನೇ ಹಳೇ ಬ್ಯಾಕಪ್ ಮೇಲೆ ಬರೆದು ಕೂತಿತ್ತು. ತಂತಿಗೆ ಚುಚ್ಚಿಟ್ಟ ತೂಕದ ಚೀಟಿ ಒಂದೊಂದೇ ಬಿಡಿಸಿ ಮತ್ತೆ ಟೈಪ್ ಮಾಡಿದೆವು. ಕೆಲವದರಲ್ಲಿ ಇಂಕೇ ಮಾಸಿತ್ತು.

ಅದಕ್ಕೇ ಹೇಳೋದು, ಎಫ್‌ಟಿಪಿಎಸ್ ಬಿಡಿ. ಎಸ್‌ಎಫ್‌ಟಿಪಿ ಹಾಕಿ. ಹೆಸರು ಹತ್ತಿರ ಇದ್ದರೂ ಅದು ಎಸ್‌ಎಸ್‌ಎಚ್ ಅನ್ನೋ ಬೇರೆಯೇ ಸುರಕ್ಷಿತ ಕನೆಕ್ಷನ್ ಮೇಲೆ ನಡೆಯೋದು, 22 ಒಂದೇ ಪೋರ್ಟ್ ಸಾಕು. ವಿಂಡೋಸ್ ಸರ್ವರ್ 2019ರಿಂದ ವಿಂಡೋಸ್‌ನಲ್ಲೇ ಅದರ ಪ್ರೋಗ್ರಾಂ ಓಪನ್‌ಎಸ್‌ಎಸ್‌ಎಚ್ ಆಪ್ಷನ್ ಇದೆ. ಇನ್‌ಸ್ಟಾಲ್ ಮಾಡಿದಾಗ ಅದರ ಫೈರ್‌ವಾಲ್ ರೂಲ್ ತಾನೇ ಸೇರುತ್ತೆ, ಅದನ್ನು ಹಾಗೇ ಬಿಡಬೇಡಿ. ಆ ರೂಲಿನ ಸ್ಕೋಪ್ ಟ್ಯಾಬಿಗೆ ಹೋಗಿ ರಿಮೋಟ್ ಐಪಿ ಜಾಗದಲ್ಲಿ ಫೈಲ್ ಎಳ್ಕೊಳ್ಳೋ ಆಫೀಸಿನ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಮಾತ್ರ ಕೊಡಿ. ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ, ಅದರ ಬದಲು ಕೀ ಫೈಲಿನಿಂದ ಲಾಗಿನ್ ಆಗೋ ಹಾಗೆ ಇಡಿ. ಸ್ಟ್ಯಾಟಿಕ್ ಐಪಿ ಇಲ್ಲದಿದ್ದರೆ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿ, 22 ಹೊರಗೆ ಕಾಣೋದೇ ಬೇಡ.

ಎದುರಿನವರು ಎಫ್‌ಟಿಪಿಎಸ್ಸೇ ಬೇಕು ಅಂತ ಹಟ ಹಿಡಿದರೆ ಸರ್ವರ್‌ನಲ್ಲಿ ಪ್ಯಾಸಿವ್ ರೇಂಜನ್ನು 50000ದಿಂದ 50050 ಅಂತ ಕಟ್ಟಿಹಾಕಿ, ಅಷ್ಟನ್ನೇ ಫೈರ್‌ವಾಲ್‌ನಲ್ಲೂ ರೂಟರ್‌ನಲ್ಲೂ ಕೊಡಿ. ಪ್ಯಾಸಿವ್ ಸೆಟ್ಟಿಂಗ್‌ನಲ್ಲಿ ಹೊರಗಿನವರಿಗೆ ಕಾಣೋ ಪಬ್ಲಿಕ್ ಐಪಿ ಬರೀರಿ, ಇಲ್ಲದಿದ್ದರೆ ಸರ್ವರ್ 192.168 ಥರದ ಒಳಗಿನ ವಿಳಾಸ ಹೇಳಿ ಮತ್ತೆ ಅದೇ ಟೈಮ್‌ಔಟ್. 21ರಲ್ಲೇ ಶುರುವಾಗೋ ಎಕ್ಸ್‌ಪ್ಲಿಸಿಟ್ ಟಿಎಲ್‌ಎಸ್ ಆದರೆ 990 ಮುಚ್ಚಿಬಿಡಿ.

ಹೊರಗೆ ಯಾವ ಪೋರ್ಟ್ ತೆರೆದಿದೆ ಅನ್ನೋ ಟೆಸ್ಟನ್ನು ಸರ್ವರ್ ಇರೋ ಆಫೀಸಿನ ವೈಫೈನಲ್ಲಿ ಮಾಡಬೇಡಿ. ಮೊಬೈಲ್ ಡೇಟಾ ಆನ್ ಮಾಡಿ ಹೊರಗಿನಿಂದ ನೋಡಿ. ಮೊದಲು 3389 ಮುಚ್ಚಿದೆಯಾ ನೋಡಿ.