ಆಯ್ಲರ್ ವಿಧಾನವನ್ನು ಎಲ್ಲಿಂದ ಆರಂಭಿಸಬೇಕು?

ಮಾನ್ಯರೇ, ಬಯೋಮೆಡಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಆಯ್ಲರ್ ವಿಧಾನವನ್ನು (ಈಗಿನ ಬದಲಾವಣೆಯ ದರವನ್ನು ಹಿಡಿದು, ಕಾಲದ ಒಂದೊಂದೇ ಹೆಜ್ಜೆಯಿಟ್ಟು ಮುಂದಿನ ಪ್ರಮಾಣವನ್ನು ಅಂದಾಜಿಸುವ ಕ್ರಮ) ಸೂತ್ರದಿಂದ ಆರಂಭಿಸಬೇಕೋ ಪ್ರೋಗ್ರಾಮಿನಿಂದಲೋ ಎಂದು ಕೇಳಿದ್ದೀರಿ. ಪುಣೆಯಲ್ಲಿ ಇದೇ ಪಾಠ ಮಾಡುವ ನಾನು ಎರಡನ್ನೂ ಬದಿಗಿಟ್ಟು, ರಕ್ತದಲ್ಲಿರುವ ಔಷಧಿಯಿಂದ ಆರಂಭಿಸುತ್ತೇನೆ. ಅರ್ಧಾಯು, ಅಂದರೆ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, 4 ಗಂಟೆ, ಆರಂಭದ ಪ್ರಮಾಣ ಲೀಟರಿಗೆ 10 ಮಿಲಿಗ್ರಾಂ ಎಂದಿಟ್ಟುಕೊಂಡು ಮೊದಲು ಕೈಯಲ್ಲೇ ಲೆಕ್ಕ ಹಾಕಿಸಿರಿ. 1 ಗಂಟೆಯ ಹೆಜ್ಜೆಯಿಟ್ಟರೆ 4 ಗಂಟೆಗಳ ನಂತರ 5ರ ಬದಲು ಸುಮಾರು 4.67 ಬರುತ್ತದೆ, ಅದೇ 12 ಗಂಟೆಯ ಹೆಜ್ಜೆಯಿಟ್ಟರೆ, 1.25 ಬರಬೇಕಾದಲ್ಲಿ ಸುಮಾರು −10.8 ಬಂದು, ಮುಂದಿನ ಹೆಜ್ಜೆಗೆ 11.65ಕ್ಕೆ ಜಿಗಿಯುತ್ತದೆ. ರಕ್ತದಲ್ಲಿ ಔಷಧಿ ಸೊನ್ನೆಗಿಂತ ಕಡಿಮೆಯಾಗುವುದು ಹೇಗೆ ಎಂದು ಅವರೇ ಕೇಳುತ್ತಾರೆ, ಆ ಪ್ರಶ್ನೆಗಾಗಿ ದಯವಿಟ್ಟು ಕಾಯಿರಿ. ಹೆಜ್ಜೆ ಸುಮಾರು 11.54 ಗಂಟೆ ಮೀರಿದರೆ ಉತ್ತರ ಸ್ಥಿರವಾಗಿರದು, ಹೆಜ್ಜೆ ಹೆಜ್ಜೆಗೂ ಇನ್ನಷ್ಟು ದೊಡ್ಡದಾಗಿ ಓಲಾಡುತ್ತದೆ ಎಂಬ ಷರತ್ತನ್ನು ಆಗ ಹಲಗೆಯ ಮೇಲೆ ಬರೆಯಿರಿ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿಯವರ 1952ರ ಸಮೀಕರಣಗಳನ್ನು (ನರತಂತುವಿನ ವಿದ್ಯುತ್ ಸಂಕೇತವನ್ನು ವಿವರಿಸುವಂಥವು) ಇದು ಅರಗಿದ ಮೇಲಷ್ಟೇ ಕೊಡುವುದು ಒಳಿತು.