ತುಂಡಾದ ನರ ಮತ್ತೆ ಬೆಳೆಯುತ್ತದೆಯೇ?

ಸೋಮವಾರಪೇಟೆ ಕಡೆಯ ತೋಟದಲ್ಲಿ ಮರಗಸಿ ಮಾಡುವಾಗ ನಿಮ್ಮ ಅಣ್ಣನ ಮಣಿಕಟ್ಟಿಗೆ ಕತ್ತಿ ತಾಗಿ ನರ ತುಂಡಾಗಿದೆ. ಹೊಲಿಗೆ ಹಾಕಿಸಿ ನಾಲ್ಕು ತಿಂಗಳಾದರೂ ಹೆಬ್ಬೆರಳು, ತೋರುಬೆರಳು ಮರಗಟ್ಟಿಯೇ ಇವೆ. ನರಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲವಂತೆ ನಿಜವೇ, ತೋಟಕ್ಕೆ ಹೊಡೆಯುವ ಔಷಧಿಯಿಂದಲೂ ನರ ಹೀಗೆಯೇ ಹಾಳಾಗುತ್ತದೆಯೇ ಎಂದು ಕೇಳಿದ್ದೀರಿ.

ಮೊದಲು ಧೈರ್ಯ ತಂದುಕೊಳ್ಳಿ. ಅವರ ನರಕೋಶಗಳಲ್ಲಿ ಹೆಚ್ಚಿನವು ಸತ್ತಿಲ್ಲ. ಕತ್ತಿ ತಾಗಿದ್ದು ಮಣಿಕಟ್ಟಿಗೆ; ಆ ಕೋಶಗಳ ಒಡಲು ಇರುವುದು ಕುತ್ತಿಗೆಯಲ್ಲಿ, ಬೆನ್ನುಹುರಿಯ ಒಳಗೆ ಮತ್ತು ಅದರ ಪಕ್ಕದ ಸಣ್ಣ ಗಂಟುಗಳಲ್ಲಿ. ಅಲ್ಲಿಂದ ಬೆರಳ ತುದಿಯವರೆಗೆ ಇಳಿದು ಬರುವ ಎಳೆಗೆ ಆಕ್ಸಾನ್ ಎನ್ನುತ್ತಾರೆ. ತುಂಡಾದದ್ದು ಆ ಎಳೆ ಮಾತ್ರ.

ಎಳೆ ತುಂಡಾದ ಸುದ್ದಿ ಒಡಲಿಗೆ ತಲುಪಿದಾಗ ನಡೆಯುವುದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದಾಗ ಇದನ್ನು ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸುವುದೆಂದರೆ ನನಗೆ ಬಹಳ ಇಷ್ಟ. ಬಣ್ಣ ಹಾಕಿದ ಆರೋಗ್ಯವಂತ ಕೋಶದಲ್ಲಿ ನೇರಳೆ ಬಣ್ಣದ ದಪ್ಪ ಚುಕ್ಕೆಗಳು ಒತ್ತಾಗಿ ಕಾಣುತ್ತವೆ, ನಡುವೆ ಕೋಶಕೇಂದ್ರ. ಪ್ರೋಟೀನ್ ತಯಾರಾಗುವ ಈ ಜಾಗಗಳಿಗೆ ಜರ್ಮನಿಯ ಫ್ರಾಂಜ್ ನಿಸ್ಲ್ ಅವರ ಹೆಸರಿದೆ. ಎಳೆ ತುಂಡಾದ ಕೆಲವು ದಿನಗಳಲ್ಲಿ ಚುಕ್ಕೆಗಳು ಒಡೆದು ಪುಡಿಯಾಗಿ ಹರಡುತ್ತವೆ, ಒಡಲು ಊದುತ್ತದೆ, ಕೋಶಕೇಂದ್ರ ಅಂಚಿಗೆ ಸರಿಯುತ್ತದೆ. ಮೊದಲ ಬಾರಿ ನೋಡಿದವರೆಲ್ಲ ಕೋಶ ಸಾಯುತ್ತಿದೆ ಎಂದೇ ಹೇಳುತ್ತಿದ್ದರು. ಆದರೆ ಅದು ದುರಸ್ತಿಗೆ ಇಳಿದಿರುತ್ತದೆ. ಸಂದೇಶ ಸಾಗಿಸುವ ನಿತ್ಯದ ಕೆಲಸವನ್ನು ಬದಿಗಿಟ್ಟು, ಹೊಸ ಎಳೆ ಕಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ.

ಗಾಯದಿಂದ ಆಚೆ, ಬೆರಳಿನ ಕಡೆ ಉಳಿದ ತುಂಡಿನ ಕಥೆ ಬೇರೆ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಬ್ರಿಟಿಷ್ ವೈದ್ಯರು ಕಪ್ಪೆಯ ನಾಲಿಗೆಯ ನರ ಕತ್ತರಿಸಿ, ಒಡಲಿನಿಂದ ಬೇರ್ಪಟ್ಟ ಭಾಗ ಚೂರುಚೂರಾಗಿ ಕರಗುವುದನ್ನು ಕಂಡರು. ಎಳೆಯೂ ಅದನ್ನು ಸುತ್ತಿದ ಮಯಲಿನ್ ಪೊರೆಯೂ ಹೋಗುತ್ತವೆ. ಪೊರೆ ಕಟ್ಟಿದ್ದ ಶ್ವಾನ್ ಕೋಶಗಳು ಮಾತ್ರ ಉಳಿದು, ಕಸ ತೆಗೆದು, ಸಾಲಾಗಿ ನಿಲ್ಲುತ್ತವೆ. ಸಿಲ್ವರ್ ಓಕ್ ಮರವನ್ನು ಹಿಡಿದು ಕಾಳುಮೆಣಸಿನ ಬಳ್ಳಿ ಏರುವಂತೆ, ಹೊಸ ಎಳೆಯ ತುದಿ ಆ ಸಾಲನ್ನು ಹಿಡಿದು ಮುಂದೆ ಸಾಗುತ್ತದೆ. ಹೊಲಿಗೆ ಹಾಕುವುದೇ ಈ ಆಸರೆ ತಪ್ಪದಿರಲೆಂದು. ಅಂತರ ಬಿದ್ದರೆ ಎಳೆಗಳು ಅಲ್ಲಿಯೇ ಸಿಕ್ಕುಸಿಕ್ಕಾಗಿ ಮುಟ್ಟಿದರೆ ನೋಯುವ ಗಂಟಾಗುತ್ತವೆ.

ಬೆಳವಣಿಗೆಯ ವೇಗ ಸುಮಾರು ದಿನಕ್ಕೆ 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ 15 ಸೆಂಟಿಮೀಟರಿಗೂ ಹೆಚ್ಚು, ಜೊತೆಗೆ ಹೊಲಿಗೆ ದಾಟಲು ಕೆಲವು ವಾರ. ಆದ್ದರಿಂದ ನಾಲ್ಕು ತಿಂಗಳಿಗೆ ತುದಿಯಲ್ಲಿ ಸ್ಪರ್ಶ ಇಲ್ಲದಿರುವುದು ಸಹಜ. ಗಾಯದ ಗುರುತಿನಿಂದ ಬೆರಳಿನ ಕಡೆಗೆ ಮೆಲ್ಲಗೆ ತಟ್ಟುತ್ತಾ ಬನ್ನಿ. ಎಲ್ಲಿ ತಟ್ಟಿದಾಗ ಬೆರಳಿನತ್ತ ಜುಮ್ಮೆನ್ನುತ್ತದೆಯೋ ಹೊಸ ಎಳೆಗಳು ಅಲ್ಲಿಯವರೆಗೆ ಬಂದಿವೆ ಎಂದು ತಿಳಿಯಬಹುದು. ಆ ಜಾಗ ತಿಂಗಳಿಂದ ತಿಂಗಳಿಗೆ ಮುಂದೆ ಸರಿಯಬೇಕು. ಎರಡು ತಿಂಗಳಾದರೂ ಒಂದೇ ಕಡೆ ನಿಂತಿದ್ದರೆ ಹೊಲಿಗೆ ಹಾಕಿದ ವೈದ್ಯರನ್ನು ಕಾಣಲು ತಡಮಾಡಬೇಡಿ. ಒಂದೂವರೆ ವರ್ಷದೊಳಗೆ ನರ ತಲುಪದ ಸ್ನಾಯು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ.

ಅಲ್ಲಿಯವರೆಗೆ ಆ ಬೆರಳುಗಳನ್ನು ಬೆಂಕಿಯಿಂದ ಕಾಪಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಕೆಂಡಕ್ಕೆ ಕೈಯೊಡ್ಡಿ ಕೂರುವುದು ರೂಢಿ. ಮರಗಟ್ಟಿದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ. ಸ್ನಾನದ ನೀರಿನ ಬಿಸಿಯನ್ನು ಇನ್ನೊಂದು ಕೈಯಿಂದ ನೋಡಲಿ. ಸ್ಪರ್ಶ ಮರಳತೊಡಗಿದ ಮೇಲೆ ಕಣ್ಣು ಮುಚ್ಚಿ ಕಾಫಿ ಬೀಜ, ಮೆಣಸಿನ ಕಾಳು, ಬಟ್ಟೆ ಎಂದು ಮುಟ್ಟಿ ಗುರುತಿಸುವ ಅಭ್ಯಾಸ ಮಾಡಿಸಿ. ಕೆಲವು ಎಳೆಗಳು ದಾರಿ ತಪ್ಪಿ ಬೇರೆ ಜಾಗಕ್ಕೆ ಸೇರಿರುತ್ತವೆ, ಮಿದುಳು ಹೊಸ ನಕ್ಷೆಯನ್ನು ಕಲಿಯಬೇಕಾಗುತ್ತದೆ.

ನೀವು ಕೇಳಿದ ‘ಮತ್ತೆ ಬೆಳೆಯುವುದಿಲ್ಲ’ ಎಂಬ ಮಾತು ಮಿದುಳು ಮತ್ತು ಬೆನ್ನುಹುರಿಯ ಮಟ್ಟಿಗೆ ಬಹುತೇಕ ನಿಜ. ಅಲ್ಲಿ ಶ್ವಾನ್ ಕೋಶಗಳಿಲ್ಲ, ಗಾಯದ ಕಲೆಯೂ ಅಲ್ಲಿನ ಮಯಲಿನ್ ಪೊರೆಯೂ ಎಳೆಯನ್ನು ತಡೆಯುತ್ತವೆ.

ಇನ್ನು ಔಷಧಿಯ ವಿಷಯ. ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದಾಗ ಬೆವರು, ಜೊಲ್ಲು, ಉಸಿರಾಟದ ತೊಂದರೆ ಕೂಡಲೇ ಕಾಣಿಸುತ್ತವೆ. ವಿಷ ತೀವ್ರವಾಗಿ ಏರಿದ್ದರೆ, ಎಲ್ಲ ಸರಿಹೋಯಿತು ಎನ್ನುವಾಗ, ಒಂದರಿಂದ ಮೂರು ವಾರಗಳ ನಂತರ ಇನ್ನೊಂದು ಪೆಟ್ಟು ಬೀಳಬಹುದು. ಇಲ್ಲಿ ಎಳೆ ತುಂಡಾಗಿರುವುದಿಲ್ಲ, ತುದಿಯಿಂದ ಒಡಲಿನ ಕಡೆಗೆ ಸಾಯುತ್ತಾ ಬರುತ್ತದೆ. ಅತಿ ಉದ್ದದ ಎಳೆಗಳೇ ಮೊದಲು ಸೋಲುವುದರಿಂದ ತೊಂದರೆ ಕಾಣುವುದು ಪಾದಗಳಲ್ಲಿ, ಎರಡೂ ಕಡೆ. 1930ರಲ್ಲಿ ಅಮೆರಿಕದಲ್ಲಿ ಇದೇ ಜಾತಿಯ ರಾಸಾಯನಿಕ ಬೆರೆತ ಶುಂಠಿ ಮದ್ಯ ಕುಡಿದು ಸಾವಿರಾರು ಜನರ ಕಾಲು ಸ್ವಾಧೀನ ತಪ್ಪಿತು. ಪಾದದ ನರಗಳು ಸ್ವಲ್ಪಮಟ್ಟಿಗೆ ಚೇತರಿಸಿಕೊಂಡರೂ ಬೆನ್ನುಹುರಿಯೊಳಗಿನ ಎಳೆಗಳು ಚೇತರಿಸಿಕೊಳ್ಳುವುದಿಲ್ಲ.

ಎರಡೂ ಪಾದ ಜೋಮು ಹಿಡಿದರೆ ಎಲ್ಲವನ್ನೂ ಸಿಂಪಡಣೆಯ ತಲೆಗೆ ಕಟ್ಟಬೇಡಿ. ಸಕ್ಕರೆ ಕಾಯಿಲೆ, ಮದ್ಯ, ವಿಟಮಿನ್ ಬಿ12ರ ಕೊರತೆಯೂ ಪಾದದಿಂದಲೇ ಶುರುವಾಗುತ್ತವೆ, ಪರೀಕ್ಷೆ ಮಾಡಿಸಿ. ಆದರೆ ಲೈನ್ ಮನೆಯಲ್ಲಿ ಯಾರಿಗಾದರೂ ವಿಷ ಏರಿ, ವಾಸಿಯಾಗಿ ಮನೆಗೆ ಬಂದ ಮೇಲೆ ಮೀನಖಂಡ ಸೆಳೆಯತೊಡಗಿದರೆ, ನಡೆಯುವಾಗ ಪಾದ ನೆಲಕ್ಕೆ ತಗುಲತೊಡಗಿದರೆ, ಹೊಡೆದ ಔಷಧಿಯ ಡಬ್ಬಿಯ ಲೇಬಲ್ ಸಮೇತ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.