ಕಡಿಮೆ ಖರ್ಚಿನಲ್ಲಿ ಕಿರ್ಗಿಸ್ತಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಮಧ್ಯ ಏಷ್ಯಾದ ಹೆಸರು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಅವುಗಳಲ್ಲಿ ಕಿರ್ಗಿಸ್ತಾನವನ್ನು ಕುರಿತ ಪ್ರಶ್ನೆಗಳನ್ನು ಬೇರ್ಪಡಿಸಿ ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಇಲ್ಲಿ ಕೊಟ್ಟಿರುವ ದರಗಳೆಲ್ಲ ಅಂದಾಜಿನವು. ಅಲ್ಲಿನ ನಾಣ್ಯವಾದ ಸೋಮ್‌ನ ಬೆಲೆ ಈಚಿನ ವರ್ಷಗಳಲ್ಲಿ ಹೆಚ್ಚು ಕಡಿಮೆ ನಮ್ಮ ಒಂದು ರೂಪಾಯಿಯ ಆಸುಪಾಸಿನಲ್ಲೇ ಇರುವುದರಿಂದ ಲೆಕ್ಕ ಹಾಕುವುದು ಸುಲಭ.

ನಾವಿಬ್ಬರು ಸ್ನೇಹಿತರು ಜುಲೈ ತಿಂಗಳಲ್ಲಿ ಹದಿನೆಂಟು ದಿನ ಹೋಗಬೇಕೆಂದಿದ್ದೇವೆ. ಬಿಷ್ಕೆಕ್, ಸೊಂಗ್‌ಕುಲ್, ಕರಾಕೋಲ್, ನಾರಿನ್, ಅರ್ಸ್ಲಾನ್‌ಬಾಬ್, ಓಶ್ ಎಲ್ಲವನ್ನೂ ನೋಡುವ ಆಸೆ. ವಿಮಾನದ ಟಿಕೆಟ್ ಬಿಟ್ಟು ತಲಾ ಐವತ್ತು ಸಾವಿರ ರೂಪಾಯಿ ಸಾಕಾಗುತ್ತದೆಯೇ?
– ಓದುಗರು, ಶಿವಮೊಗ್ಗ

ಹಣ ಸಾಕಾಗುತ್ತದೆ, ದಿನಗಳು ಸಾಲುವುದಿಲ್ಲ. ನಿಮ್ಮ ಪಟ್ಟಿಯನ್ನು ಹಾಗೆಯೇ ಇಟ್ಟುಕೊಂಡರೆ ಕೊನೆಗೆ ಹಣವೂ ಸಾಲುವುದಿಲ್ಲ. ಭೂಪಟದಲ್ಲಿ ಕಿರ್ಗಿಸ್ತಾನ ಕರ್ನಾಟಕಕ್ಕಿಂತ ಸ್ವಲ್ಪವೇ ದೊಡ್ಡದು. ಅದರ ವಿಸ್ತೀರ್ಣ ಸುಮಾರು ಎರಡು ಲಕ್ಷ ಚದರ ಕಿಲೋಮೀಟರ್. ಆದರೆ ಆ ನೆಲದ ಬಹುಪಾಲು ತಿಯಾನ್‌ಶಾನ್ ಮತ್ತು ಪಾಮಿರ್–ಅಲಾಯ್ ಪರ್ವತಗಳಿಂದ ತುಂಬಿರುವುದರಿಂದ ಅಲ್ಲಿ ದೂರವನ್ನು ಕಿಲೋಮೀಟರ್‌ಗಳಲ್ಲಿ ಅಳೆಯದೆ ಗಂಟೆಗಳಲ್ಲಿ ಅಳೆಯಬೇಕು. ರಾಜಧಾನಿ ಬಿಷ್ಕೆಕ್‌ನಿಂದ ದಕ್ಷಿಣದ ಓಶ್‌ಗೆ ಆರುನೂರು ಕಿಲೋಮೀಟರ್‌ಗಿಂತ ಹೆಚ್ಚು ದೂರವಿದ್ದು, ಮೂರು ಸಾವಿರ ಮೀಟರ್ ಮೀರಿದ, ಬೆಟ್ಟಸಾಲು ದಾಟುವ ಎರಡು ಕಣಿವೆಮಾರ್ಗಗಳನ್ನು (ಘಾಟಿಗಳನ್ನು) ಹತ್ತಿ ಇಳಿಯಬೇಕಾಗುತ್ತದೆ. ಹಗಲಿಡೀ ಅದಕ್ಕೇ ಹೋಗುತ್ತದೆ, ಹಿಂದಿರುಗಲು ಇನ್ನೊಂದು ದಿನ ಬೇಕು.

ಆ ದೇಶದಲ್ಲಿ ಊಟ, ವಸತಿ ದುಬಾರಿಯಲ್ಲ. ಹಾಸ್ಟೆಲಿನ ಹಂಚಿಕೆ ಕೋಣೆಯಲ್ಲಿ ಒಂದು ಹಾಸಿಗೆಗೆ ಎಂಟುನೂರು, ಸಾವಿರ ಸೋಮ್. ಹಳ್ಳಿಯ ಮನೆಯಲ್ಲೋ ಯುರ್ತ್ ಎಂಬ ಉಣ್ಣೆ ಡೇರೆಯಲ್ಲೋ ರಾತ್ರಿಯೂಟ ಮತ್ತು ಬೆಳಗಿನ ಉಪಾಹಾರ ಸೇರಿ ಸುಮಾರು ಎರಡು ಸಾವಿರ. ‘ಅಶ್‌ಖಾನ’ ಎಂಬ ಸಾಮಾನ್ಯ ಹೋಟೆಲುಗಳಲ್ಲಿ ಒಂದು ಊಟಕ್ಕೆ ಇನ್ನೂರೈವತ್ತರಿಂದ ಮುನ್ನೂರೈವತ್ತು ಸೋಮ್ ಎಂದು ಹಿಡಿದರೆ ಹೆಚ್ಚು ತಪ್ಪಾಗುವುದಿಲ್ಲ. ಜೇಬಿಗೆ ಕತ್ತರಿ ಬೀಳುವುದು ಬಾಡಿಗೆ ವಾಹನದಿಂದ. ಸೊಂಗ್‌ಕುಲ್ ಸರೋವರಕ್ಕೆ ಹೋಗಿಬರಲು ಜೀಪೊಂದನ್ನು ಗೊತ್ತುಮಾಡಿದರೆ ಏಳೆಂಟು ಸಾವಿರ ಸೋಮ್ ಒಂದೇ ಏಟಿಗೆ ಹೋಗುತ್ತದೆ, ಅಂದರೆ ನಿಮ್ಮಿಬ್ಬರ ಎರಡು ದಿನದ ಊಟ, ವಸತಿಯ ಖರ್ಚು. ಅವಸರದಲ್ಲಿರುವವರು ಅದನ್ನು ಕೊಡಲೇಬೇಕಾಗುತ್ತದೆ. ಅವಸರವಿಲ್ಲದವರು ಮಾರ್ಷ್ರುತ್ಕಾ ಹಿಡಿಯುತ್ತಾರೆ. ನಮ್ಮ ಮ್ಯಾಕ್ಸಿಕ್ಯಾಬಿನಂತೆಯೇ ಇದೂ ಗೊತ್ತಾದ ಮಾರ್ಗದಲ್ಲಿ ಓಡುವ, ಬಹುಮಟ್ಟಿಗೆ ಜನ ತುಂಬಿದ ಮೇಲೆಯೇ ಹೊರಡುವ ವ್ಯಾನು. ಬಿಷ್ಕೆಕ್‌ನಿಂದ ನಾನೂರು ಕಿಲೋಮೀಟರ್ ದೂರದ ಕರಾಕೋಲ್‌ಗೆ ಐನೂರರಿಂದ ಏಳುನೂರು ಸೋಮ್‌ನಲ್ಲಿ ತಲುಪಬಹುದು. ಬೆಳಿಗ್ಗೆ ಬೇಗ ನಿಲ್ದಾಣಕ್ಕೆ ಹೋದಷ್ಟೂ ಬೇಗ ತುಂಬುತ್ತದೆ. ಮಧ್ಯಾಹ್ನದ ಮೇಲೆ ಚಿಕ್ಕ ಊರುಗಳಿಗೆ ವ್ಯಾನು ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.

ಆದ್ದರಿಂದ ನಾರಿನ್, ಓಶ್ ಮತ್ತು ಅರ್ಸ್ಲಾನ್‌ಬಾಬ್‌ಗಳನ್ನು ಈ ಸಲಕ್ಕೆ ಕೈಬಿಡಿ. ಸುಲೈಮಾನ್ ಬೆಟ್ಟದ ಮೇಲೆ ಬಾಬರ್ ತನ್ನ ಹರೆಯದಲ್ಲಿ ಕಟ್ಟಿಸಿದ ಚಿಕ್ಕ ಮನೆಯ ನೆಲೆಯಿದೆ ಎಂಬ ಕಾರಣಕ್ಕೆ ಓಶ್ ಬಿಡಲು ನನಗೂ ಮನಸ್ಸಿಲ್ಲ. ಆದರೂ ದಕ್ಷಿಣದ ಆ ಭಾಗಕ್ಕೆ ಬೇರೆಯದೇ ಪ್ರವಾಸ ಬೇಕು. ನೀವು ಬಿಷ್ಕೆಕ್‌ನಲ್ಲಿ ಎರಡು ದಿನ ಇದ್ದು, ನಲವತ್ತು ಕಿಲೋಮೀಟರ್ ದೂರದ ಅಲಾ–ಅರ್ಚಾ ರಾಷ್ಟ್ರೀಯ ಉದ್ಯಾನದಲ್ಲಿ ಕಾಲುಗಳನ್ನು ಸಡಿಲ ಮಾಡಿಕೊಂಡು, ಕೊಚ್ಕೊರ್ ಊರಿಗೆ ಹೋಗಿ. ಅಲ್ಲಿ ಹಳ್ಳಿಯ ಕುಟುಂಬಗಳೇ ಸೇರಿ ನಡೆಸುವ ಸಮುದಾಯ ಪ್ರವಾಸೋದ್ಯಮದ ಕಚೇರಿಯಿದೆ. ‘ಸಿ.ಬಿ.ಟಿ.’ ಎಂದರೆ ಎಲ್ಲರಿಗೂ ಗೊತ್ತು. ಸ್ವಿಟ್ಜರ್ಲೆಂಡ್‌ನ ಹೆಲ್ವೆಟಾಸ್ ಸಂಸ್ಥೆಯ ನೆರವಿನಿಂದ 2000ದ ಸುಮಾರಿಗೆ ಆರಂಭವಾದ ಈ ಜಾಲದಲ್ಲಿ ಮನೆ, ಕುದುರೆ, ಮಾರ್ಗದರ್ಶಿಗಳಿಗೆ ಗೊತ್ತುಪಡಿಸಿದ ದರಗಳಿರುತ್ತವೆ. ಅಲ್ಲಿಂದ ಸೊಂಗ್‌ಕುಲ್‌ಗೆ ಜೊತೆಗೆ ಹೋಗುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ ಒಂದು ದಿನ ಕಾದರೆ ಜೀಪಿನ ಬಾಡಿಗೆ ನಾಲ್ಕು ಪಾಲಾಗುತ್ತದೆ. ಕಾಯುವ ದಿನವೂ ವ್ಯರ್ಥವಲ್ಲ: ಯುನೆಸ್ಕೋ 2012ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ ಶಿರ್ದಾಕ್ ಎಂಬ ಉಣ್ಣೆಯ ಜಮಖಾನಗಳನ್ನು ಅಲ್ಲಿನ ಹೆಂಗಸರು ಹೇಗೆ ಕತ್ತರಿಸಿ ಹೊಲಿಯುತ್ತಾರೆಂಬುದನ್ನು ಅಲ್ಲಿಯೇ ನೋಡಬಹುದು. ಸೊಂಗ್‌ಕುಲ್‌ನಿಂದ ಇಳಿದ ಮೇಲೆ ಇಸಿಕ್‌ಕುಲ್ ಸರೋವರದ ದಕ್ಷಿಣ ದಂಡೆಯನ್ನು ಹಿಡಿದು, ಬೊಕೊನ್‌ಬಾಯೆವೊದಲ್ಲಿ ಒಂದೆರಡು ದಿನ ತಂಗಿ, ಕರಾಕೋಲ್ ಸೇರಿ. ಉತ್ತರ ದಂಡೆಯ ಚೊಲ್ಪೊನ್‌ಅತಾ ಕಡೆ ಬೇಸಿಗೆಯಲ್ಲಿ ರೆಸಾರ್ಟುಗಳ ಗದ್ದಲ ಹೆಚ್ಚು, ದರವೂ ಹೆಚ್ಚು. ಉಳಿದ ದಿನಗಳನ್ನೆಲ್ಲ ಕರಾಕೋಲ್‌ಗೇ ಮೀಸಲಿಡಿ. ಹೀಗಾದರೆ ಐವತ್ತು ಸಾವಿರದಲ್ಲಿ ಸ್ವಲ್ಪ ಉಳಿದರೂ ಉಳಿಯಬಹುದು.

ವೀಸಾ ಬೇಕೇ? ಅಲ್ಮಾಟಿಯ ಮೂಲಕ ಹೋದರೆ ಅಗ್ಗವಾಗುತ್ತದೆಂದು ಕೇಳಿದ್ದೇನೆ, ನಿಜವೇ?
– ಓದುಗರು, ಹುಬ್ಬಳ್ಳಿ

ಬೇಕು. ಕಿರ್ಗಿಸ್ತಾನ ಸರ್ಕಾರದ ಅಧಿಕೃತ ಇ–ವೀಸಾ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ವೀಸಾ ಕೈಗೆ ಬರುವ ಮುನ್ನ ಹಣ ವಾಪಸು ಬಾರದ ಟಿಕೆಟ್ ಕೊಳ್ಳಬೇಡಿ. ದೆಹಲಿಯಿಂದ ಬಿಷ್ಕೆಕ್‌ಗೆ ನೇರ ವಿಮಾನವಿದೆ. ನೆರೆಯ ಕಜಾಕ್‌ಸ್ತಾನವು 2022ರಿಂದ ಭಾರತೀಯರಿಗೆ ಒಂದು ಭೇಟಿಗೆ ಹದಿನಾಲ್ಕು ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ನೀಡುತ್ತಿರುವುದರಿಂದ ಆ ದೇಶದ ಅಲ್ಮಾಟಿ ನಗರದ ದಾರಿಯೂ ತೆರೆದಿದೆ. ಅಲ್ಲಿಂದ ಬಿಷ್ಕೆಕ್ ಸುಮಾರು ಇನ್ನೂರ ನಲವತ್ತು ಕಿಲೋಮೀಟರ್. ಕೊರ್ದಾಯ್ ಗಡಿಯಲ್ಲಿ ವ್ಯಾನಿನಿಂದ ಇಳಿದು, ಚೀಲ ಹೊತ್ತು ನಡೆದು, ಆಚೆ ಬದಿಯಲ್ಲಿ ಮತ್ತೆ ಹತ್ತಬೇಕು. ಎರಡು ವಿಷಯಗಳನ್ನು ನೋಡಿಕೊಳ್ಳಿ: ಇ–ವೀಸಾ ಇರುವವರಿಗೆ ಎಲ್ಲ ಗಡಿಠಾಣೆಗಳಲ್ಲಿಯೂ ಪ್ರವೇಶವಿಲ್ಲ, ಅನುಮತಿಯಿರುವ ಠಾಣೆಗಳ ಪಟ್ಟಿ ಅದೇ ತಾಣದಲ್ಲಿದೆ, ಮತ್ತು ಒಂದೇ ಪ್ರವೇಶದ ವೀಸಾ ಪಡೆದು ನಡುವೆ ಒಂದು ದಿನ ಅಲ್ಮಾಟಿ ನೋಡಿ ಬರುತ್ತೇನೆಂದು ಗಡಿ ದಾಟಿದರೆ ಹಿಂದಿರುಗಲು ಆಗುವುದಿಲ್ಲ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಖರ್ಚನ್ನೂ ಸೇರಿಸಿ ಎರಡೂ ದಾರಿಗಳನ್ನು ಹೋಲಿಸಿ ನೋಡಿ.

ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಕುರಿ, ಕುದುರೆ ಮಾಂಸವೇ ಆಹಾರವಾದ ದೇಶದಲ್ಲಿ ಉಪವಾಸ ಬೀಳಬೇಕಾಗುತ್ತದೆಯೇ?
– ಓದುಗರು, ಉಡುಪಿ

ಉಪವಾಸ ಬೀಳುವುದಿಲ್ಲ, ಆದರೆ ಬಾಯಿರುಚಿಯ ನಿರೀಕ್ಷೆಯನ್ನು ತಗ್ಗಿಸಿಕೊಳ್ಳಬೇಕು. ಲಗ್ಮಾನ್ ಶ್ಯಾವಿಗೆ, ಪ್ಲೊವ್ ಅನ್ನ, ಮಂತಿ ಕಡುಬು ಎಲ್ಲವೂ ಮೂಲತಃ ಮಾಂಸದ ಅಡುಗೆಗಳು. ಕಿರ್ಗಿಜ್ ಭಾಷೆಯಲ್ಲಿ ‘ಎತ್‌ಸಿಜ್’, ರಷ್ಯನ್‌ನಲ್ಲಿ ‘ಬೆಜ್ ಮ್ಯಾಸ’ ಎಂದರೆ ಮಾಂಸವಿಲ್ಲದೆ ಎಂದು ಅರ್ಥ. ಹೀಗೆ ಹೇಳಿದಾಗ ಮಾಂಸದ ತುಂಡುಗಳನ್ನು ಮಾತ್ರ ತೆಗೆದು, ಅದೇ ರಸದಲ್ಲಿ ಬೆಂದದ್ದನ್ನು ಪ್ರೀತಿಯಿಂದಲೇ ತಂದಿಡುವವರು ಉಂಟು; ಅವರ ಪಾಲಿಗೆ ಅದು ಮಾಂಸವಿಲ್ಲದ ಊಟವೇ. ಕರಾಕೋಲ್‌ನ ದುಂಗಾನ್ ಜನಾಂಗದವರ ಆಶ್‌ಲ್ಯಾನ್‌ಫು ಎಂಬ ಹುಳಿಖಾರದ ತಣ್ಣನೆಯ ಶ್ಯಾವಿಗೆ ಹೆಸರುವಾಸಿ, ಆದರೆ ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಕುದಿಯುವ ಎಣ್ಣೆಯಲ್ಲಿ ಕರಿದ ಬೋರ್ಸೊಕ್‌ಗೆ ಬಳಸಿದ್ದು ಯಾವ ಜಿಡ್ಡೆಂದು ಕೇಳಿ ತಿಳಿದುಕೊಳ್ಳಿ.

ನಿಮ್ಮನ್ನು ಕಾಪಾಡುವುದು ಬಜಾರು. ಬಿಷ್ಕೆಕ್‌ನ ಓಶ್ ಬಜಾರಿನಲ್ಲಿ ತಂದೂರಿನಿಂದ ಆಗತಾನೆ ತೆಗೆದ ನಾನ್, ಒಣ ಏಪ್ರಿಕಾಟ್, ಒಣದ್ರಾಕ್ಷಿ, ಅಕ್ರೋಟು, ಟೊಮೇಟೊ, ಸೌತೆ, ಕೊರಿಯನ್ ಮೂಲದವರು ಮಾಡಿ ಮಾರುವ ಕ್ಯಾರೆಟ್ ಕೋಸಂಬರಿ ಧಾರಾಳವಾಗಿ ಸಿಗುತ್ತವೆ. ಬೇಸಿಗೆಯ ಹುಲ್ಲುಗಾವಲುಗಳಲ್ಲಿ ನಾನ್, ಕೈಮಾಕ್ ಎಂಬ ಗಟ್ಟಿ ಕೆನೆ, ಮನೆಯಲ್ಲೇ ಮಾಡಿದ ಹಣ್ಣಿನ ಜಾಮ್, ಮೊಸರಿನಂಥ ಐರಾನ್ ಪ್ರತಿದಿನವೂ ಇರುತ್ತವೆ. ನೀವು ಉಡುಪಿಯಿಂದ ಒಯ್ಯಬೇಕಾದದ್ದು ಅಕ್ಕಿ, ಬೇಳೆಯಲ್ಲ. ಮೂರು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯಲು ಬಹಳ ಹೊತ್ತು ಬೇಕು. ತೆಳ್ಳನೆಯ ಅವಲಕ್ಕಿ, ಹುರಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಸೊಂಗ್‌ಕುಲ್‌ನ ದಂಡೆಯಲ್ಲಿ ಐರಾನ್ ಹಾಕಿ ಕಲಸಿದ ಅವಲಕ್ಕಿಗೆ ಎಣೆಯಿಲ್ಲವೆಂಬುದು ನನ್ನ ಅಭಿಪ್ರಾಯ. ಕುದುರೆ ಹಾಲನ್ನು ಹುಳಿ ಬರಿಸಿದ ಕಿಮಿಜ್ ಕೊಟ್ಟರೆ ಬಟ್ಟಲನ್ನು ತುಟಿಗೆ ಸೋಕಿಸಿ ನಗುತ್ತ ಹಿಂದಿರುಗಿಸಿ, ಯಾರೂ ಬೇಸರಿಸುವುದಿಲ್ಲ. ರೊಟ್ಟಿಯನ್ನು ಮಾತ್ರ ಮಗುಚಿ ಇಡಬೇಡಿ, ನೆಲಕ್ಕೆ ಬೀಳಿಸಬೇಡಿ. ಅಲ್ಲಿ ಅದಕ್ಕೆ ಗೌರವ ಹೆಚ್ಚು.

ನಾನು ಇಪ್ಪತ್ತಾರು ವರ್ಷದ ಹೆಣ್ಣುಮಗಳು, ಒಬ್ಬಳೇ ಹೋಗಬೇಕೆಂದಿದ್ದೇನೆ. ಬಿಷ್ಕೆಕ್‌ನಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆಯ ಸುದ್ದಿ ತೋರಿಸಿ ಮನೆಯಲ್ಲಿ ಬೇಡವೆನ್ನುತ್ತಿದ್ದಾರೆ.
– ಓದುಗರು, ಮೈಸೂರು

ಮನೆಯವರ ಆತಂಕಕ್ಕೆ ಆಧಾರವಿದೆ. 2024ರ ಮೇ 17ರ ರಾತ್ರಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ದಾಳಿ ಮಾಡಿದವು; ಭಾರತದ ರಾಯಭಾರ ಕಚೇರಿ ನಮ್ಮ ವಿದ್ಯಾರ್ಥಿಗಳಿಗೆ ಹೊರಗೆ ಬಾರದಂತೆ ಸೂಚಿಸಬೇಕಾಯಿತು. ಸ್ಥಳೀಯರಿಗೂ ವಿದೇಶಿಯರಿಗೂ ನಡೆದಿದ್ದ ಹೊಡೆದಾಟವೊಂದರ ವಿಡಿಯೊ ಹರಡಿದ್ದೇ ಅದಕ್ಕೆ ಕಿಡಿಯಾಗಿತ್ತು. ಅದನ್ನು ಮುಚ್ಚಿಟ್ಟು ‘ಎಲ್ಲವೂ ಸುರಕ್ಷಿತ’ ಎಂದು ಬರೆಯುವುದು ಸರಿಯಲ್ಲ. ಹಾಗೆಯೇ ವೈದ್ಯಕೀಯ ಓದಲು ಹೋದ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಆ ದೇಶದಲ್ಲಿದ್ದಾರೆ, ಒಂಟಿ ಪ್ರವಾಸಿ ಹೆಂಗಸರೂ ಪ್ರತಿ ಬೇಸಿಗೆಯಲ್ಲಿ ಅಲ್ಲಿನ ಬೆಟ್ಟಗಳಿಗೆ ಹೋಗಿಬರುತ್ತಾರೆ ಎಂಬುದೂ ನಿಜ.

ನನ್ನ ಸಲಹೆ ಇಷ್ಟು: ನಗರದಲ್ಲಿ ಕತ್ತಲಾದ ಮೇಲೆ ನಡೆದು ತಿರುಗಬೇಡಿ, ಯಾಂಡೆಕ್ಸ್ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಸಿಕೊಳ್ಳಿ. ಹಂಚಿಕೆ ಟ್ಯಾಕ್ಸಿಯಲ್ಲಿ ಬೇರೆ ಹೆಂಗಸರಿರುವ ಗಾಡಿಯನ್ನೇ ಆರಿಸಿ. ಹಳ್ಳಿಗಳಲ್ಲಿ ಹೋಟೆಲಿಗಿಂತ ಕುಟುಂಬವಿರುವ ಮನೆಯೇ ಮೇಲು. ಅಜ್ಜಿಯೊಬ್ಬರು ಇರುವ ಮನೆಯಾದರೆ ನಿಮ್ಮ ಮರುದಿನದ ಪ್ರಯಾಣದ ಏರ್ಪಾಡನ್ನೂ ಅವರೇ ನೋಡಿಕೊಳ್ಳುವ ಸಂಭವ ಹೆಚ್ಚು. ಕುಡಿದವರು ಎದುರಾದರೆ ಮಾತಿಗೆ ನಿಲ್ಲಬೇಡಿ. ಚಾರಣಕ್ಕೆ ಒಬ್ಬರೇ ಹೋಗದೆ ಕರಾಕೋಲ್‌ನ ಹಾಸ್ಟೆಲುಗಳಲ್ಲಿ ಜೊತೆಗಾರರನ್ನು ಹುಡುಕಿಕೊಳ್ಳಿ. ಹೊರಡುವ ಮುನ್ನ ರಾಯಭಾರ ಕಚೇರಿಯ ಪ್ರಕಟಣೆಗಳನ್ನು ಮನೆಯವರ ಜೊತೆಗೆ ಕುಳಿತೇ ಓದಿ.

ಕುಮಾರಪರ್ವತ, ಮುಳ್ಳಯ್ಯನಗಿರಿ ಹತ್ತಿದ ಅನುಭವವಿದೆ. ಅಲಾಕುಲ್ ಚಾರಣವನ್ನು ಮಾರ್ಗದರ್ಶಿಯಿಲ್ಲದೆ ಮಾಡಬಹುದೇ?
– ಓದುಗರು, ತುಮಕೂರು

ಕುಮಾರಪರ್ವತದ ಏರು ನಿಮ್ಮ ಕಾಲುಗಳನ್ನು ಸಿದ್ಧಪಡಿಸಿದೆ, ಉಸಿರನ್ನಲ್ಲ. ಅದರ ತುದಿ 1,712 ಮೀಟರ್. ಕರಾಕೋಲ್ ಪಟ್ಟಣವೇ ಹೆಚ್ಚು ಕಡಿಮೆ ಅಷ್ಟು ಎತ್ತರದಲ್ಲಿದೆ. ಅಲಾಕುಲ್ ಸರೋವರ ಮೂರೂವರೆ ಸಾವಿರ ಮೀಟರ್ ಮೀರಿದ್ದು, ಅದರಾಚೆಯ ಕಣಿವೆಮಾರ್ಗ ಸುಮಾರು 3,900 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಎರಡು ಪಾಲಿಗಿಂತಲೂ ಕಡಿಮೆ. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಕಾಣಿಸಿದರೆ ಮೇಲೆ ಹತ್ತಬಾರದು. ಹೆಚ್ಚಾದರೆ ರಾತ್ರಿಯಾದರೂ ಕೆಳಗಿಳಿಯಬೇಕು. ಶಿವಮೊಗ್ಗದ ಓದುಗರಿಗೆ ಸೊಂಗ್‌ಕುಲ್ ಮೊದಲು, ಕರಾಕೋಲ್ ನಂತರ ಎಂದು ಸೂಚಿಸಿದ್ದಕ್ಕೆ ಇದೂ ಒಂದು ಕಾರಣ. ಬಿಷ್ಕೆಕ್ 800, ಕೊಚ್ಕೊರ್ 1,800, ಸೊಂಗ್‌ಕುಲ್ 3,016 ಮೀಟರ್ ಎಂದು ಹಂತಹಂತವಾಗಿ ಏರಿ, ಅಲ್ಲಿ ಎರಡು ರಾತ್ರಿ ಮಲಗಿ ಬಂದವರ ದೇಹ ಎತ್ತರಕ್ಕೆ ಸ್ವಲ್ಪ ಹೊಂದಿಕೊಂಡಿರುತ್ತದೆ.

ದಾರಿ ಸ್ಪಷ್ಟವಾಗಿದೆ: ಕರಾಕೋಲ್ ಕಣಿವೆಯಿಂದ ಹತ್ತಿ, ಸರೋವರದ ಬದಿಯಿಂದ ಕಣಿವೆಮಾರ್ಗ ದಾಟಿ, ಬಿಸಿನೀರಿನ ಬುಗ್ಗೆಗಳಿರುವ ಅಲ್ತಿನ್ ಅರಾಷಾನ್‌ಗೆ ಇಳಿಯುವುದು ರೂಢಿ, ಮೂರು ದಿನ ಬೇಕು. ಬೇಸಿಗೆಯಲ್ಲಿ ನಡುನಡುವೆ ಯುರ್ತ್ ಶಿಬಿರಗಳಿರುವುದರಿಂದ ಡೇರೆ ಹೊರದೆಯೂ ಹೋಗಬಹುದು. ಕಷ್ಟವಿರುವುದು ಕಣಿವೆಮಾರ್ಗದಾಚೆಯ ಇಳಿಜಾರಿನಲ್ಲಿ: ಕಾಲಿಟ್ಟಲ್ಲೆಲ್ಲ ಜಾರುವ ಸಡಿಲ ಕಲ್ಲುಗಳು, ಜುಲೈ ಆರಂಭದವರೆಗೂ ಉಳಿಯಬಹುದಾದ ಹಿಮ. ಜುಲೈ ನಡುವಿನಿಂದ ಸೆಪ್ಟೆಂಬರ್ ಆರಂಭದೊಳಗೆ, ಇಬ್ಬರು ಮೂವರು ಸೇರಿ, ನಸುಕಿನಲ್ಲೇ ಹೊರಟು ಮಧ್ಯಾಹ್ನದ ಗುಡುಗುಮಳೆಗೆ ಮುನ್ನ ಕಣಿವೆಮಾರ್ಗ ದಾಟುವ ಶಿಸ್ತಿದ್ದರೆ ಮಾರ್ಗದರ್ಶಿ ಕಡ್ಡಾಯವೇನಲ್ಲ. ಒಬ್ಬರೇ ಆದರೆ ಬೇಡ. ಹಿಮನದಿಯ ಹೊಳೆಗಳನ್ನು ದಾಟಬೇಕಾದಲ್ಲಿಯೂ ಬೆಳಗಿನ ಹೊತ್ತೇ ಒಳ್ಳೆಯದು, ಬಿಸಿಲೇರಿದಂತೆ ನೀರು ಏರುತ್ತದೆ. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಅದು ಕರಾಕೋಲ್‌ನಲ್ಲೇ ಸಿಗುತ್ತದೆ, ಮಲಗುವ ಚೀಲ, ಊರುಗೋಲುಗಳೂ ಬಾಡಿಗೆಗೆ ಸಿಗುತ್ತವೆ. ಪ್ರವಾಸ ವಿಮೆ ಕೊಳ್ಳುವಾಗ ಎಷ್ಟು ಎತ್ತರದವರೆಗಿನ ಚಾರಣಕ್ಕೆ ಅದು ಅನ್ವಯಿಸುತ್ತದೆಂಬ ಷರತ್ತನ್ನು ಓದಿಯೇ ಸಹಿ ಮಾಡಿ. ಅಗ್ಗದ ಪಾಲಿಸಿಗಳು ಇಲ್ಲಿಯೇ ಕೈಕೊಡುತ್ತವೆ.

ಅದೇ ಪ್ರವಾಸದಲ್ಲಿ ತಜಿಕಿಸ್ತಾನದ ಪಾಮಿರ್ ಹೆದ್ದಾರಿಯನ್ನೂ ಸೇರಿಸಬಹುದೇ?
– ಓದುಗರು, ಧಾರವಾಡ

ಕಡಿಮೆ ಖರ್ಚಿನ ಪ್ರವಾಸವಾದರೆ ಬೇಡ. ಅದಕ್ಕೆ ಬೇರೆ ವೀಸಾ, ಆ ಹೆದ್ದಾರಿ ಹಾದುಹೋಗುವ ಬದಖ್‌ಶಾನ್ ಪ್ರಾಂತ್ಯಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಸಾರ್ವಜನಿಕ ವಾಹನಗಳು ವಿರಳವಾದ್ದರಿಂದ ಜೀಪು ಬಾಡಿಗೆಗೆ ಹಿಡಿಯದೆ ಬಹುತೇಕ ಗತ್ಯಂತರವಿಲ್ಲ.

ಕಾರ್ಡು ಸಾಕೇ, ನಗದು ಎಷ್ಟು ಇಟ್ಟುಕೊಳ್ಳಬೇಕು? ಜುಲೈನಲ್ಲೂ ಸ್ವೆಟರ್ ಬೇಕೇ?
– ಓದುಗರು, ಬೆಂಗಳೂರು

ಬಿಷ್ಕೆಕ್, ಕರಾಕೋಲ್, ಓಶ್‌ಗಳ ಎಟಿಎಂಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನಡೆಯುತ್ತವೆ. ರೂಪಾಯಿ ನೋಟುಗಳನ್ನು ನಂಬಿ ಹೋಗಬೇಡಿ, ಮಡಿಕೆಯಿಲ್ಲದ ಹೊಸ ಡಾಲರ್ ನೋಟುಗಳಿದ್ದರೆ ನಗರದ ವಿನಿಮಯ ಅಂಗಡಿಗಳಲ್ಲಿ ಒಳ್ಳೆಯ ದರ ಸಿಗುತ್ತದೆ. ಸೊಂಗ್‌ಕುಲ್ ಸರೋವರದ ದಂಡೆಯ ಯುರ್ತ್‌ಗಳಲ್ಲಿ ನಗದೇ ಬೇಕು. ಆದ್ದರಿಂದ ಕೊಚ್ಕೊರ್ ಬಿಡುವ ಮುನ್ನ ಕುದುರೆ, ಊಟ, ವಸತಿಯ ಲೆಕ್ಕ ಹಾಕಿ, ಮಳೆಯಿಂದ ಒಂದು ದಿನ ಹೆಚ್ಚಿಗೆ ಉಳಿಯಬೇಕಾದರೂ ಸಾಲುವಷ್ಟು ಚಿಲ್ಲರೆ ನೋಟುಗಳನ್ನು ಇಟ್ಟುಕೊಳ್ಳಿ. ಸ್ವೆಟರ್ ಖಂಡಿತ ಬೇಕು, ಉಣ್ಣೆಯ ಟೋಪಿಯೂ ಬೇಕು. ಯುರ್ತ್‌ನ ನಡುವಿನ ಒಲೆಗೆ ಮಲಗುವ ಹೊತ್ತಿಗೆ ಬೆರಣಿ ತುಂಬುತ್ತಾರಾದರೂ ಬೆಳಗಿನ ಜಾವಕ್ಕೆ ಅದು ಆರಿರುತ್ತದೆ.